ಗಟ್ಟಿ ಆಯಿಲ್ ಬಂದ ದಾರಿ

ಬಣಕಲ್ಲಿನಿಂದ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಒಂದು ಕಡೆ ಕಳಸಕ್ಕೆ, ಇನ್ನೊಂದು ಕಡೆ ಚಾರ್ಮಾಡಿ ಘಾಟಿಗೆ ಕವಲೊಡೆಯುವ ರಸ್ತೆಯಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳು ಇವತ್ತಿಗೂ ಧಾರಾಳವಾಗಿ ಕಾಣಸಿಗುತ್ತವೆ. ಹುಡ್ ಬದಲಾಯಿಸಿದ ಮಹೀಂದ್ರ ಜೀಪು, ಗೊಬ್ಬರದ ಮೂಟೆ ಹೇರಿಕೊಂಡ ಪಿಕಪ್ಪು, ತೋಟದ ಕೆಲಸದವರನ್ನು ತುಂಬಿಕೊಂಡ ಓಮ್ನಿ, ಆಸ್ಪತ್ರೆಗೋ ಮದುವೆಗೋ ಹೊರಟ ಮಾರುತಿ 800. ಅನೇಕ ಹಳೆಯ ಜೀಪುಗಳ ಮೀಟರಿನಲ್ಲಿ ಐದೇ ಅಂಕಿ. 99,999 ಆದ ಮೇಲೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಎಷ್ಟು ಸಲ ಸುತ್ತು ಹೊಡೆದಿದೆ ಎಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ.

ಇಂಥ ಗಾಡಿಗಳ ವಿಷಯದಲ್ಲಿ ಈ ಸೀಮೆಯ ಗ್ಯಾರೇಜುಗಳಲ್ಲಿ ಒಂದು ಮಾತು ತಲೆಮಾರುಗಳಿಂದ ನಡೆದುಬಂದಿದೆ: "ಗಾಡಿ ಹಳೇದಾಯ್ತಲ್ಲ ಗೌಡ್ರೆ, ಇನ್ನು ಗಟ್ಟಿ ಆಯಿಲ್ ಹಾಕ್ಸಿ." ಹೊಗೆ ಬಂದರೆ ಗಟ್ಟಿ ಆಯಿಲ್, ಎಂಜಿನ್ನಿನ ಕೆಳಗೆ ತೊಟ್ಟಿಕ್ಕಿದರೆ ಗಟ್ಟಿ ಆಯಿಲ್, ಘಾಟಿಯಲ್ಲಿ ಟಪಟಪ ಸದ್ದು ಕೇಳಿದರೂ ಗಟ್ಟಿ ಆಯಿಲ್. ಈ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಒಂದು ಕಾಲದ ಎಂಜಿನ್ನುಗಳನ್ನು ಕಂಡು, ಒಂದು ಕಾಲದ ಅಂಗಡಿಯಲ್ಲಿ ಸಿಗುತ್ತಿದ್ದ ಎಣ್ಣೆಯನ್ನು ನಂಬಿ ಹುಟ್ಟಿದ್ದು. ಎಂಜಿನ್ನೂ ಅಂಗಡಿಯೂ ಬದಲಾದ ಮೇಲೆಯೂ ಮಾತು ಹಾಗೇ ಉಳಿದಿದೆ. ಅದು ಹೇಗೆ ಹುಟ್ಟಿತು ಎಂದು ತಿಳಿದವರಿಗೆ ಇಂದು ತಮ್ಮ ಅಂಗಳದ ಹಳೆಯ ಗಾಡಿಗೆ ಏನು ಹಾಕಬೇಕೆಂಬುದು ಅರ್ಧ ತಿಳಿದಂತೆಯೇ.

ಘಾಟಿಯ ರಸ್ತೆಗೆ ಎಣ್ಣೆಯ ಲೆಕ್ಕ ಮೋಟಾರಿಗಿಂತ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಮೂಡಿಗೆರೆ, ಮಂಜರಾಬಾದು ಸೀಮೆಯ ಕಾಫಿ ಎತ್ತಿನಗಾಡಿಗಳಲ್ಲಿ ಘಾಟಿ ಇಳಿದು ಮಂಗಳೂರು ಸೇರುತ್ತಿತ್ತು. ಪಿಯರ್ಸ್ ಲೆಸ್ಲಿಯಂಥ ಕಂಪೆನಿಗಳ ಕಾಫಿ ಸಂಸ್ಕರಣೆಯ ಕೆಲಸ ಅಲ್ಲಿ ನಡೆಯುತ್ತಿತ್ತು, ಹಡಗು ಹತ್ತುತ್ತಿದ್ದದ್ದೂ ಅಲ್ಲಿಂದಲೇ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕು. ಹರಳೆಣ್ಣೆಗೋ ಹೊಂಗೆಯೆಣ್ಣೆಗೋ ಮಸಿ ಬೆರೆಸಿ ಗಟ್ಟಿ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕಿಕೊಳ್ಳುತ್ತಿದ್ದರು. ತೆಳ್ಳಗಿದ್ದರೆ ಸೋರಿಹೋಗುತ್ತದೆ, ಒಣಗಿದರೆ ಅಚ್ಚು ಕಿರುಗುಟ್ಟಿ ಸುಡುತ್ತದೆ. ಅಚ್ಚು ಸವೆದು ಗಾಲಿ ಅಲ್ಲಾಡತೊಡಗಿದರೆ ಇನ್ನಷ್ಟು ಮಸಿ. ಸವೆದದ್ದಕ್ಕೆ ದಪ್ಪ ಎಣ್ಣೆ ಎಂಬ ತಿಳಿವಳಿಕೆ ಗಾಡಿ ಹೊಡೆಯುವವರಲ್ಲಿ ಮೊದಲೇ ಇತ್ತು.

ಇದೇ ಹರಳೆಣ್ಣೆ ಮೋಟಾರಿನೊಳಕ್ಕೂ ಹೋಯಿತು. 1899ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಿ.ಸಿ. ವೇಕ್‌ಫೀಲ್ಡ್ ಕಂಪೆನಿ, ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮೋಟಾರು, ವಿಮಾನಗಳಿಗೆ ಎಣ್ಣೆ ಮಾಡಿ 1909ರಲ್ಲಿ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಮರುವರ್ಷವೇ ಅದರ ಎಣ್ಣೆಗಳು ಭಾರತದ ಮಾರುಕಟ್ಟೆಗೆ ಬಂದವು. ಆ ಹೊತ್ತಿಗೆ ಅಮೆರಿಕದಲ್ಲಿ ವ್ಯಾಲ್ವೊಲೀನ್ ಎಂಬ ಹೆಸರಿನ ಖನಿಜ ಎಣ್ಣೆ ಮಾರಾಟವಾಗುತ್ತ ನಾಲ್ಕು ದಶಕವೇ ಆಗಿತ್ತು. ಕಲ್ಕತ್ತೆಯ ಟೈಡ್ ವಾಟರ್ ಕಂಪೆನಿ 1920ರ ದಶಕದಲ್ಲಿ ವೀಡಾಲ್ ತಂದಿತು. 1928ರಲ್ಲಿ ಬರ್ಮಾ-ಶೆಲ್ ಬಂತು. ಅದರ ಡಬ್ಬಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎಣ್ಣೆ ಖಾಲಿಯಾದ ಮೇಲೆ ನೀರು ಕಾಯಿಸಲು, ಕಾಫಿಬೀಜ ಅಳೆಯಲು ಬಳಕೆಯಾದವು.

ಎಣ್ಣೆಗೆ ನಂಬರು ಕೊಡುವ ಪದ್ಧತಿ ಶುರುವಾದದ್ದು 1911ರಲ್ಲಿ, ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಎಸ್‌ಎಇಯಿಂದ. ಎಣ್ಣೆ ಎಷ್ಟು ಮಂದ ಎಂಬುದಕ್ಕೆ 30, 40, 50 ಎಂದು ಅಂಕಿ. ಮೊದಲ ದಶಕಗಳಲ್ಲಿ ಒಂದು ಡಬ್ಬಕ್ಕೆ ಒಂದೇ ಅಂಕಿ. ಚಳಿಗೊಂದು ಬಿಸಿಗೊಂದು ಎಂದು ಎರಡು ಗುಣ ಇರುವ ಎಣ್ಣೆ ಆಗಿನ್ನೂ ಇರಲಿಲ್ಲ. ಕರಾವಳಿಯ ಸೆಕೆಯಲ್ಲಿ ಹೊರಟು ಘಾಟಿಯ ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಏರಿ, ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನ ಮಂಜಿನಲ್ಲಿ ನಿಲ್ಲುವ ಬಸ್ಸಿಗೆ ಡ್ರೈವರು ಸಹಜವಾಗಿಯೇ ದೊಡ್ಡ ಅಂಕಿ ಆರಿಸುತ್ತಿದ್ದ. ಬೆಳಿಗ್ಗೆ ಸ್ಟಾರ್ಟ್ ಆಗಲು ಹ್ಯಾಂಡಲ್ ನಾಲ್ಕು ಸಲ ಹೆಚ್ಚು ತಿರುಗಿಸಬೇಕಾದೀತು, ಆದರೆ ಘಾಟಿಯ ನಡುವೆ ಬೇರಿಂಗ್ ಹೋಗುವುದಿಲ್ಲ.

ಮಂಗಳೂರಿನ ಕಡೆಯಿಂದ ಬಸ್ ಸಂಚಾರ ಬೆಳೆಸಿದವರಲ್ಲಿ ವಿ.ಎಸ್. ಕುಡ್ವರ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ದೊಡ್ಡ ಹೆಸರು. ಜನ ಅದನ್ನು ಸಿಪಿಸಿ ಎನ್ನುತ್ತಿದ್ದರು. ರೈಲು ಕಾಣದ ಸೀಮೆಗಳಿಗೆ ಬಸ್ಸೇ ಗತಿ. ಚಿಕ್ಕಮಗಳೂರು ಪಟ್ಟಣಕ್ಕೇ ರೈಲು ಬಂದದ್ದು 2013ರಲ್ಲಿ, ಮೂಡಿಗೆರೆಗೆ ಇನ್ನೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸಿದರು. ಬೂದಿ, ಟಾರು ಎಲ್ಲ ಎಂಜಿನ್ನಿನೊಳಗೆ ಸೇರಿ ಎಣ್ಣೆಯನ್ನು ಬೇಗ ಕೆಡಿಸುತ್ತಿತ್ತು. ಪಿಸ್ಟನ್, ರಿಂಗು ಸವೆದ ಎಂಜಿನ್ನನ್ನು ಹೇಗಾದರೂ ಓಡಿಸಲೇಬೇಕಾದ ವರ್ಷಗಳು ಅವು. ಬಿಡಿಭಾಗ ಸಿಗದಿದ್ದಾಗ ಮೆಕ್ಯಾನಿಕ್ಕಿನ ಕೈಲಿದ್ದ ಒಂದೇ ಮದ್ದು ಎಣ್ಣೆಯ ಅಂಕಿ.

ಯುದ್ಧ ಮುಗಿಯಿತು, ಜೀಪು ಬಂತು. ಸೈನ್ಯ ಬಿಟ್ಟುಕೊಟ್ಟ ವಿಲ್ಲಿಸ್ ಜೀಪುಗಳು ಹರಾಜಿನಲ್ಲಿ ಪ್ಲಾಂಟರುಗಳ ಕೈ ಸೇರಿದವು. ಹಿಂದೆಯೇ ಮಹೀಂದ್ರ ಕಂಪೆನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಅದನ್ನು ಜೋಡಿಸಿ ಮಾರಲು ತೊಡಗಿತು. ಬಣಕಲ್, ಬಾಳೂರು, ಕಳಸದ ತೋಟಗಳಿಗೆ ಇದಕ್ಕಿಂತ ಸರಿಯಾದ ಗಾಡಿ ಆವರೆಗೆ ಬಂದಿರಲಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಾಗುವ ಏರಿನಲ್ಲಿ ಫೋರ್‌ವ್ಹೀಲ್ ಹಾಕಿದರೆ ಹತ್ತುತ್ತದೆ, ಕೊಯ್ಲಿನ ಹೊತ್ತಿಗೆ ಟ್ರೈಲರ್ ಎಳೆಯುತ್ತದೆ, ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ. ಯುದ್ಧಕಾಲದ ವಿಲ್ಲಿಸ್ ಎಂಜಿನ್ 2.2 ಲೀಟರಿನದು, ಅರವತ್ತು ಅಶ್ವಶಕ್ತಿ. ಒಳಗಿನ ಸಂದುಗಳು ಇಂದಿನ ಎಂಜಿನ್ನುಗಳ ಲೆಕ್ಕದಲ್ಲಿ ಸಡಿಲ, ಒತ್ತಡ ಕಡಿಮೆ. ಹಾಗಾಗಿ ಕಳಪೆ ಪೆಟ್ರೋಲನ್ನೂ ಮಂದ ಎಣ್ಣೆಯನ್ನೂ ಅದು ಸಹಿಸಿಕೊಳ್ಳುತ್ತಿತ್ತು.

ಆ ಎಂಜಿನ್ನಿನ ಎರಡು ಭಾಗಗಳನ್ನು ಹತ್ತಿರದಿಂದ ನೋಡಬೇಕು. ಗಟ್ಟಿ ಆಯಿಲ್ಲಿನ ನಂಬಿಕೆ ಬೇರುಬಿಟ್ಟದ್ದು ಇಲ್ಲೇ.

ಒಂದು, ಕ್ರ್ಯಾಂಕ್‌ಶಾಫ್ಟಿನ ಹಿಂಬದಿ. ಇಂದು ಅಲ್ಲಿ ರಬ್ಬರಿನ ಸೀಲ್ ಇರುತ್ತದೆ. ವಿಲ್ಲಿಸ್‌ನಲ್ಲಿ ಇದ್ದದ್ದು ಹೆಣೆದ ಹಗ್ಗದಂಥ ಪ್ಯಾಕಿಂಗ್. 1957ರಿಂದ ಬಂದ ಅಂಬಾಸಿಡರಿನ ವಿಷಯವೂ ಹೀಗೇ. ಅದಕ್ಕೆ ಆಮೇಲೆ ಬಂದ 1489 ಸಿಸಿಯ ಬಿಎಂಸಿ ಎಂಜಿನ್ನಿನಲ್ಲಿ ಶಾಫ್ಟಿನ ಮೇಲೆ ಸುರುಳಿಯಾಗಿ ಮರೆ ಕೊರೆದಿದ್ದರು. ಶಾಫ್ಟ್ ತಿರುಗುವಾಗ ಆ ಮರೆ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ, ನಿಂತಾಗ ಒಂದಿಷ್ಟು ಹೊರಗೆ ಜಿನುಗುತ್ತದೆ. ಹೊಸ ಗಾಡಿಯೇ ಹಾಗೆ. ಸವೆದ ಮೇಲೆ ಕೇಳುವುದೇ ಬೇಡ. ಶೆಡ್ಡಿನ ನೆಲದಲ್ಲಿ ಕಪ್ಪು ಕಲೆ ಇಲ್ಲದ ಅಂಬಾಸಿಡರ್ ಮನೆ ಈ ಸೀಮೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. 40ರ ಬದಲು 50 ಹಾಕಿದರೆ ಜಿನುಗು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತಿತ್ತು. ಕಣ್ಣಾರೆ ಕಂಡದ್ದನ್ನು ಯಾರು ನಂಬುವುದಿಲ್ಲ?

ಇನ್ನೊಂದು, ಜೀಪಿನ ಆಯಿಲ್ ಮೀಟರಿನ ಮುಳ್ಳು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಗಾಡಿ ನಿಲ್ಲಿಸುವ ಮೊದಲು ಡ್ರೈವರು ಒಮ್ಮೆ ಆ ಮುಳ್ಳನ್ನು ನೋಡುತ್ತಿದ್ದ. ಎಂಜಿನ್ ಕಾದಿದೆ, ಎಣ್ಣೆ ತೆಳುವಾಗಿದೆ, ಆಕ್ಸಿಲೇಟರಿನಿಂದ ಕಾಲು ತೆಗೆದರೆ ಪಂಪು ನಿಧಾನವಾಗಿ ತಿರುಗುತ್ತದೆ. ಬೇರಿಂಗ್ ಸವೆದಿದ್ದರೆ ಸಂದಿನಲ್ಲಿ ಎಣ್ಣೆ ನಿಲ್ಲದೆ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಮಂದ ಎಣ್ಣೆ ಹಾಕಿದ ಮಾರನೇ ದಿನ ಅದೇ ಜಾಗದಲ್ಲಿ ಮುಳ್ಳು ಎರಡು ಗೆರೆ ಮೇಲೆ ನಿಲ್ಲುತ್ತದೆ. ಅದು ನಿಜವಾದ ಲಾಭವೇ. ಸವೆದ ಸಂದನ್ನು ತುಂಬಲು ಮಂದ ಎಣ್ಣೆಯ ಪದರ ಸಹಾಯ ಮಾಡುತ್ತದೆ. ಈ ಸೀಮೆಯ ಮೆಕ್ಯಾನಿಕ್ಕುಗಳು ಪುಸ್ತಕ ಓದಿ ಕಲಿತದ್ದಲ್ಲ ಇದು. ಘಾಟಿಯೇ ಅವರಿಗೆ ಕಲಿಸಿತು.

ಜೊತೆಗೆ ಇನ್ನೊಂದು ಭಯವೂ ಸೇರಿಕೊಂಡಿತು. ಯುದ್ಧದ ಮುಂಚೂಣಿಗೆಂದು ಬೆಳೆದ ಡಿಟರ್ಜೆಂಟ್ ಎಣ್ಣೆಗಳು 1950ರ ದಶಕದಲ್ಲಿ ಸಾಮಾನ್ಯ ಗಾಡಿಗಳಿಗೂ ಬರತೊಡಗಿದವು. ಅವು ಎಂಜಿನ್ನಿನೊಳಗಿನ ಕೊಳೆಯನ್ನು ಕರಗಿಸಿ ತೇಲಿಸಿಟ್ಟುಕೊಳ್ಳುತ್ತವೆ. ಹೊಸ ಎಂಜಿನ್ನಿಗೆ ಇದು ವರ. ವರ್ಷಗಟ್ಟಲೆ ಹಳೆಯ ಮಾದರಿಯ ಎಣ್ಣೆಯಲ್ಲಿ ಓಡಿ ಚೇಂಬರಿನ ತಳದಲ್ಲಿ ಗಸಿ ಕಟ್ಟಿದ್ದ ಎಂಜಿನ್ನಿಗೆ ಏಕಾಏಕಿ ಹಾಕಿದರೆ ಆ ಗಸಿ ಎದ್ದು ಎಣ್ಣೆದಾರಿ ಕಟ್ಟಿಕೊಳ್ಳುವ ಅಪಾಯವಿತ್ತು. "ಹೊಸ ಆಯಿಲ್ ಹಾಕ್ಸಿದ ಮೇಲೇ ಎಂಜಿನ್ ಹೋಯ್ತು" ಎಂಬ ದೂರು ಅಲ್ಲಿಂದ ಬಂದದ್ದು. ಹಳೆಯ ಗಾಡಿಗೆ ಎಣ್ಣೆ ಬದಲಿಸಬೇಡ ಎನ್ನುವವರು ಇಂದಿಗೂ ಇರುವುದಕ್ಕೆ ಆ ದಶಕದ ಅನುಭವವೇ ಮೂಲ.

ಅಂಗಡಿಯ ಕತೆಯನ್ನೂ ಇಲ್ಲಿ ಹೇಳಬೇಕು. ಎಸ್ಸೊ 1974ರಲ್ಲಿ, ಬರ್ಮಾ-ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದವು. ಒಂದು ಎಚ್‌ಪಿ ಆಯಿತು, ಇನ್ನೊಂದು ಭಾರತ್ ಪೆಟ್ರೋಲಿಯಂ. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೊ ಹೆಸರಿನ ಎಣ್ಣೆ ತಂದಿತು. ಬಂಕಿನಲ್ಲಿ ಬ್ಯಾರಲ್ಲಿನಿಂದ ಪಂಪು ಒತ್ತಿ ಅಳತೆ ಡಬ್ಬಕ್ಕೆ ಸುರಿದು ಕೊಡುವ ಲೂಸ್ ಆಯಿಲ್ ಕಾಲ ಅದು. ಬೇಕಾದ ಗ್ರೇಡು ಕೇಳಿ ಪಡೆಯುವ ಅವಕಾಶ ದೊಡ್ಡ ಊರಿನಲ್ಲೇ ಕಡಿಮೆ. ಹಳ್ಳಿಯ ಬಂಕಿನಲ್ಲಿ ಇದ್ದದ್ದೇ ಎಣ್ಣೆ. ಲೂಸ್ ಆಯಿಲ್ಲಿನ ಇನ್ನೊಂದು ಕಷ್ಟ ಕಲಬೆರಕೆ. ಕಪ್ಪಾದ ಹಳೆಯ ಎಣ್ಣೆಯನ್ನು ಸೋಸಿ, ಬಣ್ಣ ತಿಳಿ ಮಾಡಿ ಹೊಸದೆಂದು ಮಾರುವವರಿದ್ದರು. ಲೂಬ್ರಿಕೇಟಿಂಗ್ ಎಣ್ಣೆಯ ತಯಾರಿಕೆ, ಮಾರಾಟಕ್ಕೆ ಲೈಸೆನ್ಸು ಬೇಕೆಂದು ಕೇಂದ್ರ ಸರ್ಕಾರ 1987ರಲ್ಲಿ ಆದೇಶ ಹೊರಡಿಸಿದ್ದರ ಹಿಂದೆ ಈ ಅನುಭವವಿದೆ. ಕೈಯಲ್ಲಿ ತಿಕ್ಕಿ ಅಂಟು ನೋಡಿ, ಮೂಸಿ ನೋಡಿ ಎಣ್ಣೆ ಕೊಳ್ಳುತ್ತಿದ್ದ ಕಾಲದಲ್ಲಿ ಗಟ್ಟಿಯಾಗಿರುವುದೇ ಒಳ್ಳೆಯದು ಎನ್ನುವುದು ಬೇರೂರಿದ್ದರೆ ಆಶ್ಚರ್ಯವಿಲ್ಲ. ಪರೀಕ್ಷೆಗೆ ಬೇರೆ ಸಾಧನವೇ ಇರಲಿಲ್ಲ.

ದೂರದ ತೋಟಗಳಲ್ಲಿ ಎಲ್ಲರೂ ಅಷ್ಟಿಷ್ಟು ಮೆಕ್ಯಾನಿಕ್ಕುಗಳೇ ಆಗಿರಬೇಕಿತ್ತು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ಯಂತ್ರ ಬಿಚ್ಚಿ ಜೋಡಿಸುವುದರಲ್ಲಿದ್ದ ಆಸಕ್ತಿ ಅವರ ಓದುಗರಿಗೆಲ್ಲ ಗೊತ್ತು. ಅಂಥ ಆಸಕ್ತಿ ಈ ಬೆಟ್ಟಗಳಲ್ಲಿ ಬದುಕಿನ ಅಗತ್ಯವೂ ಆಗಿತ್ತು. ಕೊಪ್ಪದಲ್ಲಿ 1991ರಲ್ಲಿ ಬಸ್ ಕಂಪೆನಿಯೊಂದರ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯಲ್ಲಂತೂ ಬಸ್ಸಿನ ಮಾಲೀಕರೂ ಅದನ್ನು ದುಡಿಸಿದವರೂ ಒಬ್ಬರೇ. ಮಲೆನಾಡಿನ ಒಳದಾರಿಗಳಲ್ಲಿ ಸುಮಾರು ಮೂರು ದಶಕ ಓಡಿದ ಆ ಬಸ್ಸುಗಳು 2020ರಲ್ಲಿ ನಿಂತವು. ಬಸ್ಸು ಹಳೆಯದಾದಂತೆ ಅದನ್ನು ಹೇಗೆ ಬಾಳಿಸಬೇಕೆಂದು ಬಲ್ಲ ಒಂದು ದೊಡ್ಡ ತಂಡವೇ ಅವುಗಳೊಂದಿಗೆ ಚೆದುರಿಹೋಯಿತು.

ಗಟ್ಟಿ ಆಯಿಲ್ಲಿನ ಮಾತು ಮೊದಲು ಎಡವಿದ್ದು ಮಾರುತಿಯ ಮುಂದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅದರ 796 ಸಿಸಿಯ ಮೂರು ಸಿಲಿಂಡರಿನ ಜಪಾನಿ ಎಂಜಿನ್ನಿನಲ್ಲಿ ಸಂದುಗಳು ಬಿಗಿ, ಎಣ್ಣೆದಾರಿಗಳು ಕಿರಿದು, ಕ್ಯಾಮ್‌ಶಾಫ್ಟ್ ಇರುವುದು ಎಂಜಿನ್ನಿನ ನೆತ್ತಿಯಲ್ಲಿ. ಬೆಳಿಗ್ಗೆ ಚಾವಿ ತಿರುಗಿಸಿದೊಡನೆ ಎಣ್ಣೆ ಅಲ್ಲಿಯವರೆಗೆ ಏರಬೇಕು. ಮಲೆನಾಡಿಗೆ ಈ ಕಾರು ದಂಡಿಯಾಗಿ ಬಂದದ್ದು ಹತ್ತು ವರ್ಷದ ನಂತರ. ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಬೆಳೆಗಾರರು ತಮ್ಮ ಬೆಳೆಯನ್ನು ತಾವೇ ಮಾರುವಂತಾಯಿತು. ಅದರ ನಡುವೆಯೇ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ದರ ಏರಿತು. ಬಣಕಲ್ ಹೋಬಳಿಯ ಸಣ್ಣ ಹಿಡುವಳಿದಾರರ ಅಂಗಳಕ್ಕೂ ಕಾರು ಬಂದದ್ದು ಆ ವರ್ಷಗಳಲ್ಲಿ. ಎಣ್ಣೆಯ ಮಾರುಕಟ್ಟೆಯೂ ಆಗಲೇ ತೆರೆಯಿತು. 1990ರ ದಶಕದ ಮೊದಲ ಭಾಗದಲ್ಲಿ ಸರ್ಕಾರ ಲೂಬ್ರಿಕೆಂಟುಗಳ ಮೇಲಿನ ಹಿಡಿತ ಬಿಟ್ಟ ಮೇಲೆ ಸೀಲು ಹಾಕಿದ ಬಣ್ಣದ ಡಬ್ಬಗಳು ಕಿರಾಣಿ ಅಂಗಡಿಯ ಪಕ್ಕದಲ್ಲೂ ಕಾಣಿಸಿಕೊಂಡವು.

ಹೊಸ ಡಬ್ಬದ ಮೇಲೆ 20ಡಬ್ಲ್ಯೂ-40, 15ಡಬ್ಲ್ಯೂ-40 ಎಂಬ ಜೋಡಿ ಅಂಕಿಗಳು. ಡಬ್ಲ್ಯೂ ಇರುವ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸರಾಗ ಎಂಬುದಕ್ಕೆ, ಚಿಕ್ಕದಾದಷ್ಟೂ ಸರಾಗ. ಎರಡನೆಯದು ನೂರು ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಎಂಬುದಕ್ಕೆ. 20ಡಬ್ಲ್ಯೂ ಎಣ್ಣೆಯನ್ನು ಎಂಜಿನ್ ತಿರುಗುವ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಬಣಕಲ್ಲಿನ ಜನವರಿಯ ಬೆಳಗಿನಲ್ಲಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಹಾಗಾಗಿ ಹಳೆಯ ಜೀಪಿಗೆ, ಅಂಬಾಸಿಡರಿಗೆ 20ಡಬ್ಲ್ಯೂ-50 ಹಾಕಿದರೆ ಇಲ್ಲಿನ ಚಳಿ ತೊಂದರೆ ಕೊಡುವುದಿಲ್ಲ. ಅದೇ ಎಣ್ಣೆಯನ್ನು ಬಿಗಿ ಸಂದಿನ ಎಂಜಿನ್ನಿಗೆ ಹಾಕಿದಾಗ ಕತೆ ಬೇರೆ. ಪಂಪಿನ ಮೇಲೆ ಒತ್ತಡ ಏರಿ ವಾಲ್ವು ತೆರೆದುಕೊಂಡು ಎಣ್ಣೆ ಚೇಂಬರಿಗೇ ಮರಳುತ್ತದೆ, ನೆತ್ತಿಯ ಕ್ಯಾಮ್‌ಶಾಫ್ಟಿಗೆ ತಲುಪುವುದು ತಡವಾಗುತ್ತದೆ. ಮೀಟರಿನಲ್ಲಿ ಒತ್ತಡ ಚೆನ್ನಾಗಿ ತೋರಿಸಿದರೂ ಬೇಕಾದ ಕಡೆ ಎಣ್ಣೆ ಇರುವುದಿಲ್ಲ. ಜೀಪಿನ ಮುಳ್ಳು ನೋಡಿ ಕಲಿತ ಪಾಠ ಇಲ್ಲಿ ತಪ್ಪು ದಾರಿ ತೋರಿಸಿತು.

2008ರಲ್ಲಿ ಎ-ಸ್ಟಾರ್ ಜೊತೆ ಬಂದ ಕೆ-ಸರಣಿಯ ಎಂಜಿನ್ನುಗಳಿಗೂ ಸ್ವಿಫ್ಟ್ ಡೀಸೆಲ್ಲಿನ 1.3 ಲೀಟರ್ ಎಂಜಿನ್ನಿಗೂ ಇದು ಇನ್ನಷ್ಟು ಸಲ್ಲುತ್ತದೆ. ಆ ಡೀಸೆಲ್ಲಿನಲ್ಲಿ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದೇ ಎಣ್ಣೆಯ ಒತ್ತಡ. ಟರ್ಬೊ ತಿರುಗುವುದೂ ಎಣ್ಣೆಯ ಮೇಲೆ. ಅವೂ ಈಗ ಹದಿನೈದು, ಹದಿನೆಂಟು ವರ್ಷ ತುಂಬಿ ಹಳೆಯ ಗಾಡಿಗಳ ಸಾಲಿಗೆ ಸೇರಿವೆ. ವಯಸ್ಸು ನೋಡಿ ಅವಕ್ಕೂ 20ಡಬ್ಲ್ಯೂ-50 ಸುರಿಸುವವರಿದ್ದಾರೆ. ಅದು ಆ ಎಂಜಿನ್ನಿಗೆ ಮಾಡುವ ಅನ್ಯಾಯ.

ಎದುರು ದಿಕ್ಕಿನ ತಪ್ಪೂ ನಡೆಯುತ್ತಿದೆ. ಬೆಂಗಳೂರಿನಿಂದ ಬಂದ ಮಗ, ಅಪ್ಪನ ಎಂಎಂ 540 ಜೀಪಿಗೆ ದುಬಾರಿ ಬೆಲೆಯ ತೆಳು ಸಿಂಥೆಟಿಕ್ ಎಣ್ಣೆ ತಂದು ಹಾಕಿಸುತ್ತಾನೆ. ಪ್ರೀತಿಯಿಂದಲೇ. ಆ ಜೀಪಿನ 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ನನ್ನು ರೂಪಿಸಿದ ಕಾಲದಲ್ಲಿ ಅಂಥ ಎಣ್ಣೆ ಇರಲಿಲ್ಲ. ಮೂವತ್ತು ವರ್ಷದ ಸೀಲುಗಳು ಒಣಗಿ ಕುಗ್ಗಿರುತ್ತವೆ. ಅವುಗಳ ಸುತ್ತ ಕಟ್ಟಿಕೊಂಡ ಗಸಿಯೇ ಸೋರಿಕೆ ತಡೆದಿರುತ್ತದೆ. ತೊಳೆಯುವ ಗುಣ ಹೆಚ್ಚಿರುವ ತೆಳು ಎಣ್ಣೆ ಆ ಗಸಿಯನ್ನು ಕಿತ್ತುಹಾಕಿದಾಗ ಅಲ್ಲಿಯವರೆಗೆ ಒಣಗಿದ್ದ ಜಾಗಗಳಲ್ಲೆಲ್ಲ ಎಣ್ಣೆ ಇಣುಕುತ್ತದೆ. ಆ ಎಂಜಿನ್ನಿಗೆ ಒಳ್ಳೆಯ ಕಂಪೆನಿಯ ಸಾದಾ 15ಡಬ್ಲ್ಯೂ-40 ಡೀಸೆಲ್ ಎಣ್ಣೆ ಸಾಕು. ಡಬ್ಬದ ಮೇಲೆ ಎಣ್ಣೆಯ ಗುಣಮಟ್ಟ ಹೇಳುವ ಎಪಿಐ ಗುರುತಿನ ಎದುರು ಸಿಎಚ್-4 ಅಥವಾ ಸಿಐ-4 ಎಂದಿದ್ದರೆ ಆಯಿತು. 'ಸಿ'ಯಿಂದ ಶುರುವಾಗುವ ಅಕ್ಷರಗಳು ಡೀಸೆಲ್ಲಿಗೆ, 'ಎಸ್'ನಿಂದ ಶುರುವಾಗುವುವು ಪೆಟ್ರೋಲಿಗೆ.

ಪೆಟ್ರೋಲಿನ ಹಳೆಯ ಗಾಡಿ ಇಟ್ಟುಕೊಂಡವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಂಬಾಸಿಡರ್, ಪದ್ಮಿನಿ, ವಿಲ್ಲಿಸ್ ಎಂಜಿನ್ನುಗಳಲ್ಲಿ ಕ್ಯಾಮ್ ನೇರವಾಗಿ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜುತ್ತದೆ. ಅಲ್ಲಿ ಸವೆತ ತಡೆಯುವುದು ಎಣ್ಣೆಗೆ ಬೆರೆಸುವ ಸತು ಮತ್ತು ರಂಜಕದ ಒಂದು ಸಂಯುಕ್ತ. 1940ರ ದಶಕದಿಂದ ಬಳಕೆಯಲ್ಲಿರುವ ಇದನ್ನು ಹೊಸ ಪೆಟ್ರೋಲ್ ಎಣ್ಣೆಗಳಲ್ಲಿ ಕಡಿಮೆ ಮಾಡುತ್ತ ಬಂದಿದ್ದಾರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ರಂಜಕ ಹಾಳುಮಾಡುತ್ತದೆ ಎಂಬ ಕಾರಣಕ್ಕೆ. 2004ರ ಎಪಿಐ ಎಸ್‌ಎಂ ಮಾನದಂಡದಲ್ಲಿ ರಂಜಕದ ಮಿತಿ ನೂರಕ್ಕೆ 0.08. ಆದರೆ ಇದು ಅನ್ವಯಿಸುವುದು 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಗ್ರೇಡುಗಳಿಗೆ. 20ಡಬ್ಲ್ಯೂ-50ರಂಥವು ಆ ಮಿತಿಯ ಹೊರಗೆ. ಅಂದರೆ ಬಣಕಲ್ಲಿನ ಹಿರಿಯ ಮೆಕ್ಯಾನಿಕ್ ಅಂಬಾಸಿಡರಿಗೆ ಗಟ್ಟಿ ಆಯಿಲ್ಲೇ ಆಗಬೇಕು ಎಂದು ಹಟ ಹಿಡಿದರೆ ಅವನ ಮಾತು ಸರಿಯೇ, ಅದರ ಹಿಂದೆ ಅವನು ಹೇಳದೆ ಬಿಟ್ಟ ಇನ್ನೊಂದು ಕಾರಣವೂ ಇದೆ.

ಹೆಚ್ಚು ಓಡಿದ ಗಾಡಿಗಳಿಗೆಂದೇ ಬೇರೆ ಎಣ್ಣೆ ಬಂದದ್ದು 2000ನೇ ಇಸವಿಯಲ್ಲಿ, ಅಮೆರಿಕದಲ್ಲಿ ವ್ಯಾಲ್ವೊಲೀನ್ ಕಂಪೆನಿಯಿಂದ. 75,000 ಮೈಲಿ, ಅಂದರೆ ಸುಮಾರು 1.2 ಲಕ್ಷ ಕಿಲೋಮೀಟರ್ ದಾಟಿದವಕ್ಕೆ ಎಂದು ಅದನ್ನು ಮಾರಿದರು. ರಬ್ಬರ್ ಸೀಲುಗಳನ್ನು ಮೆದುಗೊಳಿಸಿ ತುಸು ಉಬ್ಬಿಸುವ ರಾಸಾಯನಿಕ ಅದರ ವಿಶೇಷ. ರಬ್ಬರ್ ಸೀಲ್ ಇರುವ, ಈಗಷ್ಟೇ ಜಿನುಗಲು ಶುರುವಾದ ಮಾರುತಿಗೋ ಸ್ಯಾಂಟ್ರೊಗೋ ಇದು ಉಪಯೋಗಕ್ಕೆ ಬರುತ್ತದೆ. ಹಗ್ಗದ ಪ್ಯಾಕಿಂಗಿನ ವಿಲ್ಲಿಸ್‌ಗೆ, ಮರೆ ಕೊರೆದ ಅಂಬಾಸಿಡರಿಗೆ ಉಬ್ಬಲು ರಬ್ಬರೇ ಇಲ್ಲ. ಹರಿದ ಸೀಲನ್ನು ಯಾವ ಎಣ್ಣೆಯೂ ಹೊಲಿಯುವುದಿಲ್ಲ.

ಘಾಟಿಯ ಜನರಿಗೆ ಒಂದು ಅನುಕೂಲವಿದೆ, ಬಯಲುಸೀಮೆಯವರಿಗೆ ಅದಿಲ್ಲ. ಎಂಜಿನ್ನಿನ ಕಾಯಿಲೆ ಎಲ್ಲಿದೆ ಎಂಬುದನ್ನು ರಸ್ತೆಯೇ ತೋರಿಸಿಕೊಡುತ್ತದೆ. ಪೆಟ್ರೋಲ್ ಗಾಡಿ ಗೇರಿನಲ್ಲೇ ಚಾರ್ಮಾಡಿ ಇಳಿಯುವಾಗ ಕಾಲು ಆಕ್ಸಿಲೇಟರಿನ ಮೇಲಿರುವುದಿಲ್ಲ. ಆಗ ಸಿಲಿಂಡರಿನೊಳಗಿನ ಸೆಳೆತ ಜೋರಾಗಿರುತ್ತದೆ. ವಾಲ್ವ್ ಗೈಡುಗಳು ಸವೆದಿದ್ದರೆ ಎಣ್ಣೆ ಅಲ್ಲಿಂದ ಒಳಕ್ಕೆ ಎಳೆಯಲ್ಪಟ್ಟು, ಕೆಳಗೆ ಮುಟ್ಟಿ ಆಕ್ಸಿಲೇಟರ್ ಒತ್ತಿದಾಗ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಮೋಡ ಹೊರಬರುತ್ತದೆ. ಏರುವಾಗ ಲೋಡಿನಲ್ಲಿ ಎಡೆಬಿಡದೆ ನೀಲಿ ಹೊಗೆ ಬಂದರೆ ತಪ್ಪು ಪಿಸ್ಟನ್ ರಿಂಗಿನದು. ಮೊದಲನೆಯದಕ್ಕೆ ಹೆಡ್ ಬಿಚ್ಚಿ ವಾಲ್ವ್ ಗೈಡು, ಸೀಲು ಹಾಕಿಸಿದರೆ ಸಾಕು, ಪೂರ್ತಿ ಎಂಜಿನ್ ಕೆಲಸ ಬೇಡ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡಕ್ಕೂ ಒಂದೇ ಗಟ್ಟಿ ಆಯಿಲ್ ಸುರಿದವರು ಎಷ್ಟೋ ಮಂದಿ.

ಮಲೆನಾಡಿಗೆ ಕಿಲೋಮೀಟರಿನ ಲೆಕ್ಕವೂ ಸರಿಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೋಟದ ಜೀಪು ಮನೆಯಿಂದ ಲೈನಿಗೆ, ಲೈನಿನಿಂದ ಕಣಕ್ಕೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಹನಿಗಟ್ಟಿದ ತೇವ ಆವಿಯಾಗದೆ ಎಣ್ಣೆಗೆ ಸೇರುತ್ತದೆ. ಎಣ್ಣೆ ಸುರಿಯುವ ಮುಚ್ಚಳ ತೆಗೆದರೆ ಅದರ ಒಳಮೈಗೆ ಕೆನೆಯ ಬಣ್ಣದ ಲೋಳೆ ಅಂಟಿರುತ್ತದೆ. ಡಿಪ್‌ಸ್ಟಿಕ್ಕಿನ ಮೇಲೂ ಅದೇ ಬಣ್ಣ ಬಂದು ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಅರ್ಥ. ಮುಚ್ಚಳದಲ್ಲಿ ಮಾತ್ರ ಇದ್ದರೆ ಮಳೆಗಾಲದ ತೇವ. ಐದು ಸಾವಿರ ಕಿಲೋಮೀಟರ್ ಆಗಲಿ ಎಂದು ಕಾಯುತ್ತ ಕೂತರೆ ಇಂಥ ಗಾಡಿಯಲ್ಲಿ ಅದೇ ಎಣ್ಣೆ ಎರಡು ಮಳೆಗಾಲ ಕೊಳೆಯುತ್ತದೆ. ಆಯುಧಪೂಜೆಗೆ ಮೊದಲು ಗಾಡಿ ಸರ್ವಿಸಿಗೆ ಬಿಡುವ ರೂಢಿಯಲ್ಲಿ ದೊಡ್ಡ ವಿವೇಕವಿದೆ: ಮಳೆ ಮುಗಿದಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಎಷ್ಟೇ ಕಡಿಮೆ ಓಡಿರಲಿ, ಆಗ ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕು. ಫಿಲ್ಟರ್ ಉಳಿಸಿ ಎಣ್ಣೆ ಮಾತ್ರ ಬದಲಿಸುವುದು ದುಡ್ಡು ಉಳಿಸಿದಂತಲ್ಲ.

ಇಳಿಸಿದ ಎಣ್ಣೆಯ ಮಾತು ಬಿಟ್ಟರೆ ಈ ಚರಿತ್ರೆ ಅರ್ಧವಾಗುತ್ತದೆ. ಕರಿ ಆಯಿಲ್ಲನ್ನು ಬೇಲಿಗೂಟಕ್ಕೆ, ಶೆಡ್ಡಿನ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಕೆಲವರು ಮರ ಕೊಯ್ಯುವ ಚೈನ್‌ಗರಗಸಕ್ಕೂ ಹಾಕುತ್ತಾರೆ. ಉಳಿದದ್ದು ಚರಂಡಿಗೆ. ಆ ಚರಂಡಿ ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ಬಣಕಲ್ಲಿಗೆ ಹತ್ತಿರದ ಜಾವಳಿಯಲ್ಲೇ ಆ ನದಿ ಹುಟ್ಟುವುದು; ಅದರ ನೀರು ಗೊರೂರಿನ ಅಣೆಕಟ್ಟೆಯ ಕೆಳಗೆ ಹಾಸನ, ತುಮಕೂರಿನ ಹೊಲಗಳಿಗೆ ಹೋಗುತ್ತದೆ. ಬಳಸಿದ ಎಣ್ಣೆಯನ್ನು ಕಾನೂನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತದೆ. ತಾವು ಮಾರಿದ ಎಣ್ಣೆಗೆ ತಕ್ಕಂತೆ ಬಳಸಿದ ಎಣ್ಣೆಯ ಮರುಬಳಕೆಗೂ ಕಂಪೆನಿಗಳೇ ಹೊಣೆ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಣ್ಣೆ ಬದಲಿಸಿದ ಗ್ಯಾರೇಜಿನಲ್ಲಿ, ಇಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಪ್ರತಿಯೊಬ್ಬ ಗಿರಾಕಿಯೂ ಕೇಳಬೇಕು. ಮನೆಯಲ್ಲೇ ಬದಲಿಸುವವರು ಹಳೆಯದನ್ನು ಡಬ್ಬದಲ್ಲಿ ತುಂಬಿ ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಬೇಕು.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿದ ಮೇಲೆ ಹಳೆಯ ಗಾಡಿ ಇಟ್ಟುಕೊಳ್ಳುವುದು ದುಬಾರಿಯಾಗಿದೆ. ಆದರೂ ಹೊರನಾಡಿನ ಬಳಿಯ ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಹತ್ತಿಸುವುದು ಜೀಪುಗಳೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಮೂಡಿಗೆರೆ ತಾಲ್ಲೂಕಿನ ಹಳ್ಳಿಗಳು ನಲುಗಿದ್ದನ್ನು ಕಂಡವರು ಮನೆಯಲ್ಲೊಂದು ಗಟ್ಟಿ ಗಾಡಿ ಇರಲಿ ಎಂದೇ ಹೇಳುತ್ತಾರೆ.

ಅಂಥ ಗಾಡಿ ಇಟ್ಟುಕೊಂಡವರು ಮೊದಲು ಅದರ ಕೈಪಿಡಿಯಲ್ಲಿರುವ ಗ್ರೇಡನ್ನೇ ಹಾಕಿಸಲಿ. ಪ್ರತಿ ವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ ಅಳೆದು, ಎಷ್ಟು ಸೇರಿಸಿದ್ದು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಬಳಕೆ ಏರುತ್ತಿದ್ದರೆ ಬಿಸಿಯ ಅಂಕಿಯನ್ನು ಒಂದು ಮೆಟ್ಟಿಲು ಮಾತ್ರ ಏರಿಸಬಹುದು: 30 ಇದ್ದದ್ದು 40, 40 ಇದ್ದದ್ದು 50. ಎರಡು ಮೆಟ್ಟಿಲು ಒಟ್ಟಿಗೆ ಬೇಡ. ಟರ್ಬೊ ಇರುವ ಎಂಜಿನ್ನಿಗಂತೂ ಕೈಪಿಡಿಯಲ್ಲಿ ಹೇಳದ ಗ್ರೇಡು ಬೇಡವೇ ಬೇಡ. ಹೊಸ ಬಗೆಯ ಎಣ್ಣೆ ಮೊದಲ ಸಲ ಹಾಕಿಸಿದಾಗ ಒಂದೂವರೆ ಎರಡು ಸಾವಿರ ಕಿಲೋಮೀಟರಿಗೇ ಅದನ್ನು ಇಳಿಸಿ ಫಿಲ್ಟರ್ ಸಮೇತ ಬದಲಿಸಬೇಕು, ಕರಗಿದ ಗಸಿ ಹೊರಬರಲಿ ಎಂದು. ಸಾವಿರ ಕಿಲೋಮೀಟರಿಗೆ ಒಂದು ಲೀಟರಿಗಿಂತ ಹೆಚ್ಚು ಎಣ್ಣೆ ಕುಡಿಯತೊಡಗಿದ ಎಂಜಿನ್ನಿಗೆ ಮುಂದಿನ ಡಬ್ಬದ ದುಡ್ಡು ಹಾಕುವ ಬದಲು ರಿಂಗು, ಬೋರಿನ ಕೆಲಸಕ್ಕೆ ಬಿಡುವುದೇ ಸರಿ.